ಕುದುರೆ ಮುಕ್ಕಾಸು

"ಅದೇನ್ರಿ ಅಷ್ಟೊತ್ತಿಂದ ನೋಡ್ತಿದ್ದೀರ? ಖೋಟಾ ಕಾಸು ಕೊಟ್ಟೆ ಅಂದ್ಕಂಡ್ರಾ?"

ಕಂಡಕ್ಟರ್ ಚಂದ್ರಕ್ಕನ ದನಿಗೆ ಬಸ್ಸಿನ ಅರ್ಧ ಜನ ತಿರುಗಿ ನೋಡಿದರು.

ಹೊಳಲ್ಕೆರೆಯಲ್ಲಿ ಹತ್ತಿ ಕಿಟಕಿ ಪಕ್ಕ ಕೂತ ಆ ಮನುಷ್ಯ, ಅವಳು ಕೊಟ್ಟ ಮೂರು ರೂಪಾಯಿ ಚಿಲ್ಲರೆಯನ್ನು ಎಲ್ಲರಂತೆ ಜೇಬಿಗೆ ಹಾಕಿಕೊಂಡಿರಲಿಲ್ಲ. ಬಲಗಣ್ಣಿಗೆ ಕಪ್ಪು ಬಟ್ಟಲಿನಂಥ ಒಂದು ಭೂತಗನ್ನಡಿ ಸಿಕ್ಕಿಸಿಕೊಂಡು, ಒಂದೊಂದೇ ನಾಣ್ಯವನ್ನು ಬಿಸಿಲಿಗೆ ಓರೆ ಮಾಡಿ ಪರೀಕ್ಷೆ ಮಾಡುತ್ತಿದ್ದ.

ಹೊಸದುರ್ಗ–ಹೊಳಲ್ಕೆರೆ–ಚಿತ್ರದುರ್ಗ ರೂಟಿಗೆ ಅವಳು ಬಂದು ಎರಡೇ ದಿನವಾಗಿತ್ತು. ಇಸವಿ ಎರಡು ಸಾವಿರದ ನಾಲ್ಕು. ಆ ರೂಟಿನಲ್ಲಿ ಅದುವರೆಗೆ ಹೆಂಗಸರು ಯಾರೂ ಟಿಕೆಟ್ ಹರಿದಿರಲಿಲ್ಲ. ಲೆಕ್ಕ ತಪ್ಪುತ್ತಾಳೆ, ಸ್ಟಾಪು ಮರೆಯುತ್ತಾಳೆ ಎಂದು ಕಾಯುತ್ತಿದ್ದವರೇ ಹೆಚ್ಚು. ಅಂಥದ್ದರಲ್ಲಿ ಇವನೊಬ್ಬ ಭೂತಗನ್ನಡಿ ಹಾಕಿಕೊಂಡು ಅವಳ ಚಿಲ್ಲರೆಯಲ್ಲಿ ಹುಳುಕು ಹುಡುಕುತ್ತಾನೆ!

ಅವನು ಗಡಬಡಿಸಿ ಗಾಜನ್ನು ಕಣ್ಣಿಂದ ಕಿತ್ತ. ಕಣ್ಣಿನ ಸುತ್ತ ಕೆಂಪಗೆ ಒಂದು ಉಂಗುರ ಮೂಡಿತ್ತು. ಅದನ್ನು ನೋಡಿ ಚಂದ್ರಕ್ಕನಿಗೆ ಸಿಟ್ಟಿನ ನಡುವೆಯೂ ನಗು ಬಂತು.

"ಅಯ್ಯೋ, ನಿಮ್ಮ ಮ್ಯಾಲೆ ಅನುಮಾನ ಅಲ್ಲ ಮೇಡಂ. ನನಗೊಂದು ಚಟ. ಟಂಕಸಾಲೇಲಿ ನಾಣ್ಯ ಅಚ್ಚು ಹಾಕುವಾಗ ಒಂದೊಂದು ಸಲ ತಪ್ಪಾಗ್ತೈತೆ. ಅಂಥ ತಪ್ಪಿನ ಕಾಸು ಹುಡುಕ್ತೀನಿ."

"ಸಿಕ್ತಾ ತಪ್ಪು?"

"ಇಲ್ಲ. ನಿಮ್ಮವೆಲ್ಲಾ ಸರಿಯಾಗೇ ಅವೆ."

"ನನ್ನವು ಯಾವಾಗ್ಲೂ ಸರಿಯಾಗೇ ಇರ್ತಾವೆ," ಎಂದು ಅವಳು ವಿಷಲ್ ಊದಿ ಮುಂದಕ್ಕೆ ಹೋದಳು. ಡ್ರೈವರ್ ಜುಂಜಯ್ಯ ಕನ್ನಡಿಯಲ್ಲಿ ಎಲ್ಲವನ್ನೂ ನೋಡಿ ಮೀಸೆಯಲ್ಲೇ ನಕ್ಕ.

ಅವನ ಹೆಸರು ತಿಪ್ಪೇರುದ್ರಪ್ಪ. ಎಲ್ಲರೂ ರುದ್ರಪ್ಪ ಎನ್ನುತ್ತಿದ್ದರು. ಚಿತ್ರದುರ್ಗದ ಲಕ್ಷ್ಮೀಬಜಾರಿನ ಒಂದು ಅಂಗಡಿಯಲ್ಲಿ ವಾಚ್ ರಿಪೇರಿ ಕೆಲಸ. ದಿನಾ ಬೆಳಗಿನ ಎಂಟೂಕಾಲರ ಬಸ್ಸು, ಸಂಜೆ ಆರರ ಬಸ್ಸು. ಎರಡೂ ಚಂದ್ರಕ್ಕನವೇ.

ಮೂರನೇ ದಿನ ಅವಳೇ ಅವನ ಅಂಗೈಯಲ್ಲಿ ಒಂದು ನಾಣ್ಯ ಇಟ್ಟಳು. ಅಪ್ಪಳದಂತೆ ತೆಳ್ಳಗೆ, ಉದ್ದುದ್ದಕ್ಕೆ ಹರಡಿಕೊಂಡಿದ್ದ ಎಂಟಾಣೆ.

"ನೋಡ್ರಿ ಇದನ್ನ. ಹೆಂಗೈತೆ ತಪ್ಪು?"

ಅವನು ಗಾಜನ್ನು ತೆಗೆಯಲೂ ಇಲ್ಲ. "ಇದು ಚಿಕ್ಕಜಾಜೂರಿನ ರೈಲು ಹಳಿ ಮೇಲೆ ಮಲಗಿ ಬಂದೈತೆ ಮೇಡಂ."

ಅವಳ ಮುಖ ಚಿಕ್ಕದಾಯಿತು. ಮರುದಿನ ಅಂಚು ಕಚ್ಚಿದಂತೆ ತುಂಡಾಗಿದ್ದ ರೂಪಾಯಿ ತಂದಳು.

"ಇದಕ್ಕೆ ಅರ ಹಾಕ್ಯಾರೆ. ನೋಡ್ರಿ, ಉಜ್ಜಿದ ಗೀರು ಕಾಣ್ತೈತೆ. ಟಂಕಸಾಲೇಲಿ ಅಚ್ಚು ಬೀಳಕ್ಕೆ ಮುಂಚೇನೇ ಬಿಲ್ಲೆ ತುಂಡಾಗಿದ್ರೆ, ಅದಕ್ಕೆ ಸರಿಯಾಗಿ ಎದುರುಗಡೆ ಅಂಚೂ ಸಪ್ಪೆಯಾಗಿರ್ತಿತ್ತು. ಇದರ ಎದುರು ಅಂಚು ಗಟ್ಟಿಮುಟ್ಟಾಗೈತೆ."

"ಎಲ್ಲಾದಕ್ಕೂ ಪೆಟ್ಟು ಬಿದ್ದೈತೆ, ಅರ ಹಾಕ್ಯಾರೆ ಅಂತೀರಲ್ಲ. ಒಂದಾದ್ರೂ ಒಪ್ಕಳ್ರಿ!"

"ಬರೋದು ನಿಜದ್ದಾಗಿದ್ರೆ ಒಪ್ಕಳ್ದೆ ಇರ್ತೀನಾ?" ಎಂದು ಅವನು ತಲೆ ಎತ್ತಿದ. ಮಾತು ನಾಣ್ಯದ್ದೇ. ಆದರೆ ನೋಟ ಅರೆಗಳಿಗೆ ಹೆಚ್ಚು ನಿಂತಿತು. ಚಂದ್ರಕ್ಕ ಬೇಗ ಬೇಗ ಟಿಕೆಟ್ ಕಟ್ಟು ತಿರುವತೊಡಗಿದಳು. ಆ ಸೀಟಿನವರಿಗೆಲ್ಲ ಆಗಲೇ ಟಿಕೆಟ್ ಕೊಟ್ಟಾಗಿತ್ತು.

ಆಮೇಲೆ ಅವಳ ಕೈಗೆ ಬಂದ ಪ್ರತಿ ನಾಣ್ಯಕ್ಕೂ ಒಂದು ಮುಖ ಬಂತು. ಸಂತೆಗೆ ಹೋಗುವವರು, ಕುರಿ ಮಾರಿ ಬರುವವರು, ಕಾಲೇಜು ಹುಡುಗಿಯರು, ಯಾರ ಬೆವರಿನ ಅಂಗೈಯಿಂದ ಬಂದರೂ ಅವಳ ಬೆರಳು ಮೊದಲು ಅಂಚು ಸವರುತ್ತಿತ್ತು. ವಿಚಿತ್ರ ಕಂಡರೆ ತನ್ನ ಕಾಸನ್ನು ಬ್ಯಾಗಿಗೆ ಹಾಕಿ ಅದನ್ನು ಕರ್ಚೀಫಿನ ತುದಿಗೆ ಗಂಟು ಹಾಕುತ್ತಿದ್ದಳು. ಹೊಳಲ್ಕೆರೆ ಹತ್ತಿರ ಬಂದಂತೆ ಆ ಗಂಟು ಬಿಚ್ಚುವ ಆತುರ.

ಒಂದು ಸಂಜೆ ಒಂದು ಹಳೇ ನಾಲ್ಕಾಣೆ ಸಿಕ್ಕಿತು. ಅದರ ಸಿಂಹಗಳ ಮೇಲಿಂದ ಅಂಚಿನವರೆಗೆ ಕೂದಲೆಳೆಯಂಥ ಒಂದು ಗೆರೆ. ಅವಳು ಉಗುರಿನಿಂದ ತಡವಿದಳು. ಉಗುರು ತಗ್ಗಿಗೆ ಬೀಳಲಿಲ್ಲ. ಗೆರೆಯೇ ಉಗುರನ್ನು ತಡೆಯಿತು.

"ರುದ್ರಪ್ಪನೋರೇ," ಅವಳು ಅದನ್ನು ಅವನ ಮುಂದೆ ಹಿಡಿದಳು, "ಗೆರೆ ಉಬ್ಬೈತೆ! ಗೀರಾಗಿದ್ರೆ ತಗ್ಗಿರಬೇಕಿತ್ತು ಅಲ್ವಾ? ಅಚ್ಚೇ ಬಿರುಕು ಬಿಟ್ಟಿದ್ರೆ ಮಾತ್ರ ಲೋಹ ಅದರೊಳಗೆ ಹೋಗಿ ಹಿಂಗೆ ಉಬ್ತೈತೆ ಅಂದಿದ್ರಿ!"

ಅವನು ಗಾಜು ಹಚ್ಚಿ ನೋಡಿದ. ಒಮ್ಮೆ ನೋಡಿದ, ತಿರುಗಿಸಿ ಮತ್ತೆ ನೋಡಿದ. ಆಮೇಲೆ ಒಮ್ಮೆಲೇ ಎದ್ದು ನಿಂತ. ಅವನ ತಲೆ ಮೇಲಿನ ಲಗೇಜ್ ಕಂಬಿಗೆ ಧಡ್ ಎಂದು ಬಡಿಯಿತು.

"ನಿಜ ಮೇಡಂ! ನಿಜವಾದದ್ದೇ! ನೀವೇ ಹಿಡಿದ್ರಿ!"

ತಲೆ ಉಜ್ಜಿಕೊಳ್ಳುತ್ತಲೇ ಅವನು ಗಾಜನ್ನು ಅವಳ ಕಣ್ಣಿಗೆ ಹಿಡಿದ. ಬಸ್ಸು ಕುಲುಕುತ್ತಿತ್ತು. ಗಾಜು ಬೀಳದಿರಲೆಂದು ಅವನ ಬೆರಳು ಅವಳ ಹುಬ್ಬಿನ ಮೇಲೆ ನಿಂತಿತು. ವಾಚಿನ ಎಣ್ಣೆಯ ಸಣ್ಣ ವಾಸನೆ. ಗಾಜಿನೊಳಗೆ ಗೆರೆ ಬೆಟ್ಟದ ಸಾಲಿನಂತೆ ಎದ್ದು ನಿಂತಿತ್ತು. ಚಂದ್ರಕ್ಕ ಅದನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದಳು.

"ಏನಪ್ಪ ಜುಂಜಯ್ಯ, ನಮ್ಮ ಸ್ಟಾಪು ಹೋಯ್ತಲ್ಲೋ!" ಎಂದು ಹಿಂದಿನಿಂದ ಯಾರೋ ಕೂಗಿದರು.

"ಕಂಡಕ್ಟರಮ್ಮ ವಿಷಲ್ ಹೊಡೆದ್ರಲ್ವಾ ನಾನು ನಿಲ್ಸೋದು!" ಎಂದು ಜುಂಜಯ್ಯ ಬ್ರೇಕ್ ಒತ್ತಿದ. ಇಡೀ ಬಸ್ಸು ನಕ್ಕಿತು. ಸ್ಟಾಪು ಮರೆತಿದ್ದಕ್ಕೆ ಅವಳಿಗೆ ಮೊದಲ ಸಲ ಸಂಕಟವಾಗಲಿಲ್ಲ.

ಜನವರಿಯ ಒಂದು ಸೋಮವಾರ ಬೆಳಿಗ್ಗೆ ರುದ್ರಪ್ಪ ಒಂದು ಮಡಿಸಿದ ಕಾಗದ ಕೊಟ್ಟ. ಚಿತ್ರದುರ್ಗದಲ್ಲಿ ಶನಿವಾರ ಹಳೇ ನಾಣ್ಯಗಳ ಪ್ರದರ್ಶನದ ಆಮಂತ್ರಣ. ಮುಖಪುಟದಲ್ಲಿ ಒಂದು ನಾಣ್ಯದ ಫೋಟೋ, ಕೆಳಗೆ ಅವನ ಹೆಸರು.

"ನಿಮ್ಮದಾ?"

"ನನ್ನತ್ರ ಇರೋ ಎಲ್ಲಾದ್ರಲ್ಲೂ ದೊಡ್ಡದು," ಎಂದು ಅವನು ಸೀಟಿನ ಅಂಚಿಗೆ ಬಂದ. ಕಣ್ಣು ಮಿನುಗುತ್ತಿದ್ದವು. "ಐವತ್ತೊಂದನೇ ಇಸವಿ ಮುಕ್ಕಾಸು, ಅಂದ್ರೆ ಹಳೇ ಕಾಲಾಣೆ. ಒಂದು ಕಡೆ ಸಿಂಹ, ಇನ್ನೊಂದು ಕಡೆ ಕುದುರೆ ಇರಬೇಕು. ಇದ್ರಲ್ಲಿ ಎರಡೂ ಕಡೆ ಸಿಂಹವೇ! ಒಂದು ಉಬ್ಬಿದ್ದು, ಇನ್ನೊಂದು ಕನ್ನಡೀಲಿ ಕಂಡಂಗೆ ತಿರುವು ಮುರುವಾಗಿ ತಗ್ಗಿದ್ದು. ಹಿಂದಿನ ನಾಣ್ಯ ಕುದುರೆ ಅಚ್ಚಿಗೇ ಅಂಟ್ಕಂಡು ಕುಂತಿರುವಾಗ ಮುಂದಿನ ಬಿಲ್ಲೆ ಬಂದ್ರೆ ಹಂಗಾಗ್ತೈತೆ. ನಮ್ಮ ಡ್ರಾಯಿಂಗ್ ಮೇಷ್ಟ್ರು ಗೋವಿಂದಯ್ಯ ಕೊಟ್ಟಿದ್ದು. ಆಗ ನನಗೆ ಹದಿಮೂರು ವರ್ಷ. ಅದರಿಂದ್ಲೇ ಈ ಹುಚ್ಚು ಹತ್ತಿದ್ದು."

ಅವನು ಸ್ವಲ್ಪ ತಡೆದ.

"ದಾವಣಗೆರೆಯೋರೊಬ್ರು ಶನಿವಾರ ಬಂದು ಕೊಂಡ್ಕಂತಾರೆ. ಇಪ್ಪತ್ತೈದು ಸಾವಿರ ಅಂದವ್ರೆ. ಸ್ವಂತದ್ದೊಂದು ಅಂಗಡಿ ಹಿಡೀತೀನಿ. ಅಂಗಡಿ ಆದ್ಮೇಲೆ... ನಿಮ್ಮತ್ರ ಒಂದು ಮಾತು ಕೇಳೋದೈತೆ."

"ಈಗ್ಲೇ ಕೇಳ್ರಿ."

"ಈಗ ಬ್ಯಾಡ. ಮೊದ್ಲು ಒಂದು ನೆಲೆ ಆಗ್ಲಿ."

ಯಾವ ಮಾತು ಎಂದು ಅವಳಿಗೆ ಗೊತ್ತಿತ್ತು. ಅವಳ ಕಿವಿ ಕೆಂಪಾದ ರೀತಿಗೆ ಅವನಿಗೂ ಗೊತ್ತಾಗಿರಬೇಕು. ಆ ದಿನ ದುರ್ಗದ ಗುಡ್ಡಗಳ ಮೇಲಿನ ಗಾಳಿ ಫ್ಯಾನುಗಳೆಲ್ಲ ತನಗಾಗಿಯೇ ತಿರುಗುತ್ತಿವೆ ಅನ್ನಿಸಿತು ಚಂದ್ರಕ್ಕನಿಗೆ.

ಮಂಗಳವಾರ ಅವನು ಮುಕ್ಕಾಸನ್ನೇ ತಂದ. ಹತ್ತಿಯಲ್ಲಿ ಸುತ್ತಿ, ಪುಟ್ಟ ಡಬ್ಬಿಯಲ್ಲಿ ಇಟ್ಟಿದ್ದ.

"ಅಂಚು ಹಿಡ್ಕಳ್ರಿ. ಬೆವರು ತಾಗಬಾರ್ದು." ಗಾಜನ್ನೂ ಕೊಟ್ಟ.

ಬಸ್ಸು ಚಿತ್ರಹಳ್ಳಿ ಗೇಟಿನಲ್ಲಿ ನಿಂತಿತ್ತು. ಜುಂಜಯ್ಯ ಟೀ ಕುಡಿಯಲು ಇಳಿದಿದ್ದ. ಕಿಟಕಿಯಿಂದ ಎಳೆ ಬಿಸಿಲು ಓರೆಯಾಗಿ ಬೀಳುತ್ತಿತ್ತು. ಅವಳು ಗಾಜು ಹಚ್ಚಿ ತಗ್ಗಿದ ಸಿಂಹದ ಕಡೆಯನ್ನು ಬೆಳಕಿಗೆ ತಿರುಗಿಸಿದಳು. ಎಷ್ಟು ಚೆಂದ! ತಿರುವು ಮುರುವಾದ ಅಕ್ಷರಗಳು, ಗುಳಿಬಿದ್ದ ಸಿಂಹದ ಮುಖ.

ಬೆಳಕು ಕೂದಲೆಳೆಯಷ್ಟು ಸರಿಯಿತು. ಸಿಂಹದ ಕೆಳಗೆ ಏನೋ ಕಂಡಿತು.

ಅವಳು ಇನ್ನಷ್ಟು ಓರೆ ಮಾಡಿದಳು. ಒಂದು ಬಾಲ. ಅದರಿಂದ ಮುಂದೆ ಬೆನ್ನಿನ ಗೆರೆ. ಎತ್ತಿದ ಒಂದು ಕಾಲು. ಚಪ್ಪಟೆಯಾಗಿ, ಮಾಸಿ, ಆದರೂ ಅಲ್ಲೇ ಇತ್ತು ಕುದುರೆ.

ಅಚ್ಚಿಗೆ ನಾಣ್ಯ ಅಂಟಿಕೊಂಡಿದ್ದರೆ ಕುದುರೆಯ ಅಚ್ಚು ಈ ಬಿಲ್ಲೆಗೆ ತಾಗುವಂತೆಯೇ ಇರಲಿಲ್ಲ. ಕುದುರೆ ಇದೆ ಎಂದರೆ ನಾಣ್ಯ ಮೊದಲು ಸರಿಯಾಗಿಯೇ ತಯಾರಾಗಿತ್ತು. ಆಮೇಲೆ ಯಾರೋ ಅದರ ಬೆನ್ನಿಗೆ ಇನ್ನೊಂದನ್ನು ಇಟ್ಟು ಅಮುಕಿದ್ದರು. ಅವಳು ಮಗುಚಿ ನೋಡಿದಳು. ಉಬ್ಬಿರಬೇಕಾದ ಸಿಂಹಗಳ ಮೂಗು ನುಣ್ಣಗೆ ಸಪಾಟಾಗಿತ್ತು. ಅಮುಕುವಾಗ ಗಟ್ಟಿಯಾದ ಯಾವುದಕ್ಕೋ ಆನಿಸಿದ್ದ ಕಡೆ ಅದು.

"ಹೆಂಗೈತೆ?" ಅವನು ಮಗುವಿನಂತೆ ಕಾಯುತ್ತಿದ್ದ.

"ಚೆನ್ನಾಗೈತೆ," ಎಂದು ಅವಳು ಡಬ್ಬಿ ಮುಚ್ಚಿದಳು.

ಆ ದಿನ ಅವಳು ಎರಡು ಬಾರಿ ತಪ್ಪು ಟಿಕೆಟ್ ಕೊಟ್ಟಳು. ಸುಮ್ಮನಿದ್ದರೆ ಏನಾಗುತ್ತದೆ? ಶನಿವಾರ ಬರುತ್ತದೆ. ದಾವಣಗೆರೆಯವರು ಕೊಳ್ಳುತ್ತಾರೆ. ಅಂಗಡಿ ಆಗುತ್ತದೆ. ಅವನು ಆ ಮಾತು ಕೇಳುತ್ತಾನೆ. ಬೇಸಿಗೆಗೆ ಜವನಗೊಂಡನಹಳ್ಳಿಯ ಅವ್ವನ ಮನೆ ಮುಂದೆ ಚಪ್ಪರ. ಎಲ್ಲವೂ ಅವಳ ಒಂದು ಮೌನಕ್ಕೆ ಸಿಗುತ್ತಿತ್ತು. ಆದರೆ ಕೊಂಡವರ ಬಳಿಯೂ ಗಾಜು ಇರುತ್ತದೆ. ಒಂದು ದಿನ ಅವರಿಗೂ ಓರೆ ಬಿಸಿಲು ಬೀಳುತ್ತದೆ. ಆಗ ಜನ ರುದ್ರಪ್ಪನನ್ನು ಏನೆನ್ನುತ್ತಾರೆ? ಅವನ ಹೆಸರಿಗೆ ಬರುವ ಕಳಂಕದ ಮೇಲೆ ತಾನು ಸಂಸಾರ ಹೂಡುವುದೇ?

ಸಂಜೆ ಅವನು ಹತ್ತಿದ ಕೂಡಲೇ ಅವಳು ಪಕ್ಕದಲ್ಲಿ ಕೂತಳು. ಹಾಗೆ ಕೂತದ್ದು ಅದೇ ಮೊದಲು.

"ರುದ್ರಪ್ಪನೋರೇ, ಆ ಮುಕ್ಕಾಸಲ್ಲಿ ಕುದುರೆ ಐತೆ."

"ಏನಂದ್ರಿ?"

"ಸಿಂಹದ ಕೆಳಗೆ. ಬಾಲ, ಬೆನ್ನು, ಒಂದು ಕಾಲು. ಆ ಕಡೆ ಸಿಂಹದ ಮೂಗೂ ಸಪಾಟಾಗೈತೆ. ಅದು ಟಂಕಸಾಲೆ ತಪ್ಪಲ್ಲ. ಆಮೇಲೆ ಯಾರೋ ಅಮುಕಿದ್ದು."

ಅವನು ನಕ್ಕ. ಅವಳು ನಗಲಿಲ್ಲ. ಅವನ ಮುಖದ ನಗು ನಿಧಾನಕ್ಕೆ ಗಟ್ಟಿಯಾಯಿತು.

"ಮೂರು ತಿಂಗಳು ಗಾಜು ಹಿಡಿದು ಎಲ್ಲಾ ಕಲ್ತುಬಿಟ್ರಾ? ಅದು ಮೇಷ್ಟ್ರು ಕೊಟ್ಟಿದ್ದು."

"ನೀವು ಅದಕ್ಕೆ ಯಾವತ್ತಾದ್ರೂ ಗಾಜು ಹಚ್ಚಿ ನೋಡಿದ್ದೀರಾ?"

ಅವನು ಎದ್ದು ಬಾಗಿಲ ಕಡೆ ನಡೆದ. ಮುಂದಿನ ಸ್ಟಾಪಿನಲ್ಲಿ, ಹೊಳಲ್ಕೆರೆ ಇನ್ನೂ ಹತ್ತು ಮೈಲಿ ಇರುವಾಗಲೇ ಇಳಿದುಬಿಟ್ಟ. ಹಿಂದಿನ ಗಾಜಿನಲ್ಲಿ ಅವನ ಬಿಳೀ ಅಂಗಿ ಚಿಕ್ಕದಾಗುತ್ತಾ ಹೋಯಿತು. ಜುಂಜಯ್ಯ ಕನ್ನಡಿಯಲ್ಲಿ ನೋಡಿದ.

ಬುಧವಾರ ಅವನು ಬರಲಿಲ್ಲ. ಗುರುವಾರವೂ ಇಲ್ಲ. ಕಿಟಕಿ ಪಕ್ಕದ ಸೀಟಿನಲ್ಲಿ ಯಾರ್ಯಾರೋ ಕೂತರು. ಪ್ರತಿ ಸಲ ಹೊಳಲ್ಕೆರೆ ಸ್ಟ್ಯಾಂಡಿನಲ್ಲಿ ಅವಳು ಎರಡು ನಿಮಿಷ ಹೆಚ್ಚು ನಿಲ್ಲಿಸಿದಳು. ಜುಂಜಯ್ಯ ಹಾರನ್ ಹೊಡೆಯಲಿಲ್ಲ.

ಶುಕ್ರವಾರ ಅವಳಿಗೆ ವಾರದ ರಜೆ. ಮಧ್ಯಾಹ್ನ ಹೊಸದುರ್ಗದ ಬಾಡಿಗೆ ಕೋಣೆಯ ಮುಂದೆ ಬಟ್ಟೆ ಒಣಹಾಕುತ್ತಿದ್ದಳು. ಗೇಟಿನಲ್ಲಿ ಯಾರೋ ಕೆಮ್ಮಿದರು.

ರುದ್ರಪ್ಪ ನಿಂತಿದ್ದ. ಗಡ್ಡ ಬಂದಿತ್ತು. ಕಣ್ಣಿನ ಸುತ್ತ ಆ ಕೆಂಪು ಉಂಗುರ ಎಂದಿಗಿಂತ ಗಾಢವಾಗಿತ್ತು.

"ಕುದುರೆ ಐತೆ," ಎಂದ. "ಮೂರು ದಿನ ನೋಡಿದೆ. ಇಲ್ಲ ಅಂತ ಹೇಳ್ಕಳಕ್ಕೆ ಎಲ್ಲಾ ಥರ ನೋಡಿದೆ. ಐತೆ."

ಅವಳ ಕೈಯಲ್ಲಿದ್ದ ಒದ್ದೆ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಮೇಷ್ಟ್ರು ಇಲ್ಲೇ ಹೊಸದುರ್ಗದಾಗೇ ಅವ್ರೆ. ಕೇಳ್ಬೇಕು. ಒಬ್ನೇ ಹೋಗಕ್ಕೆ ಧೈರ್ಯ ಇಲ್ಲ."

"ಹೋಗಾಣ ನಡೀರಿ," ಎಂದು ಅವಳು ಬಟ್ಟೆಯನ್ನು ಬಕೆಟ್ಟಿಗೇ ಹಾಕಿದಳು.

ಗೋವಿಂದಯ್ಯ ಮೇಷ್ಟ್ರಿಗೆ ಎಪ್ಪತ್ತು ದಾಟಿತ್ತು. ಜಗುಲಿಯ ಮೇಲೆ ಪೇಪರ್ ಓದುತ್ತಿದ್ದರು. "ಬರ್ರಿ, ಕುಂತ್ಕಳ್ರಿ" ಎಂದವರು, ರುದ್ರಪ್ಪ ಡಬ್ಬಿ ತೆಗೆದು ಎದುರಿಗೆ ಇಟ್ಟ ಕೂಡಲೇ ಪೇಪರ್ ಮಡಿಸಿ ಕೆಳಗಿಟ್ಟರು. ಅದನ್ನು ತೆರೆಯಲಿಲ್ಲ.

"ಕಂಡು ಹಿಡಿದ್ಯಾ?" ಎಂದರು.

ರುದ್ರಪ್ಪನ ಕಿವಿ ಕೆಂಪಾಯಿತು. "ನಿಮಗೆ ಗೊತ್ತಿತ್ತಾ?"

"ಮಾಡಿದ್ದೇ ನಾನಪ್ಪ. ಶಾಲೆಯ ಮರಗೆಲಸದ ಕೋಣೆಯಲ್ಲಿ ಮರ ಬಿಗಿ ಹಿಡಿಯೋ ಕಬ್ಬಿಣದ ವೈಸ್ ಇತ್ತಲ್ಲ, ಅದರಲ್ಲಿ ಎರಡು ಮುಕ್ಕಾಸು ಇಟ್ಟು ಬಿಗಿ ಮಾಡಿದ್ದೆ. ನಿಜ ಯಾವುದು, ಪೆಟ್ಟು ಯಾವುದು ಅಂತ ನಿಮಗೆಲ್ಲ ಪಾಠ ಮಾಡಬೇಕು ಅಂತ. ಅದೇ ವಾರ ನಿಮ್ಮಪ್ಪ ತೀರಿಕೊಂಡ. ನೀನು ಹದಿನೈದು ದಿನ ಬಾಯಿ ಬಿಟ್ಟಿರ್ಲಿಲ್ಲ. ಈ ಕಾಸು ಕೈಗಿಟ್ಟೆ ನೋಡು, 'ಸಾರ್, ಎರಡೂ ಕಡೆ ಸಿಂಹ!' ಅಂತ ಕೂಗಿದೆ. ಆ ಮುಖ ನೋಡಿ ನನಗೆ ನಿಜ ಹೇಳಕ್ಕಾಗ್ಲಿಲ್ಲ. ನಾಳೆ ಹೇಳಾಣ ಅಂದ್ಕಂಡೆ. ಹದಿನಾರು ವರ್ಷ ಆಯ್ತು."

ರುದ್ರಪ್ಪ ನೆಲ ನೋಡುತ್ತಾ ಕೂತಿದ್ದ. ಆಮೇಲೆ ಮುಂದೆ ಬಾಗಿ ಮೇಷ್ಟ್ರ ಕೈ ಹಿಡಿದುಕೊಂಡ. ಚಂದ್ರಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು.

"ನೀನೇ ಕಂಡಿದ್ದಾ ಕುದುರೆ?" ಎಂದರು ಮೇಷ್ಟ್ರು.

"ನಾನಲ್ಲ ಸಾರ್. ಇವ್ರು."

ಮುದುಕರು ಕನ್ನಡಕ ಸರಿಮಾಡಿಕೊಂಡು ಅವಳನ್ನು ಪೂರ್ತಿಯಾಗಿ ನೋಡಿದರು. "ಅವನಿಗೆ ನೋವಾಗ್ತೈತೆ ಅಂತ ಗೊತ್ತಿದ್ದೂ ಹೇಳಿದ್ಯೇನಮ್ಮ?"

"ಹೂಂ ಸಾರ್."

"ನನ್ನ ಕೈಲಿ ಆಗ್ಲಿಲ್ಲ ನೋಡು," ಎಂದರು ಅವರು. ಒಳಗೆ ಹೋಗಿ ಇಬ್ಬರಿಗೂ ತಾವೇ ಕಾಫಿ ತಂದರು.

ಶನಿವಾರ ಚಿತ್ರದುರ್ಗ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಇಪ್ಪತ್ತು ನಿಮಿಷ ಬಿಡುವು. ಚಂದ್ರಕ್ಕ ಖಾಕಿಯಲ್ಲೇ, ಬ್ಯಾಗು ಸೊಂಟಕ್ಕೆ ಒತ್ತಿ ಹಿಡಿದು ಪ್ರದರ್ಶನದ ಹಾಲಿಗೆ ಓಡಿದಳು. ಅವನು ಏನು ಮಾಡಿರುತ್ತಾನೆ? ಮುಕ್ಕಾಸನ್ನು ಮನೆಯಲ್ಲೇ ಬಚ್ಚಿಟ್ಟು ಬಂದಿರುತ್ತಾನಾ?

ಹಾಲಿನಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ಒಂದೇ ಮೇಜಿನ ಸುತ್ತ ಮುತ್ತಿಕೊಂಡಿದ್ದರು. ಅವಳು ಸಂದಿಯಲ್ಲಿ ನುಸುಳಿದಳು.

ಮುಕ್ಕಾಸು ನಡುವೆಯೇ ಇತ್ತು. ಪಕ್ಕದಲ್ಲಿ ರುದ್ರಪ್ಪ ಟೇಬಲ್ ಲ್ಯಾಂಪನ್ನು ಓರೆಯಾಗಿ ಇಟ್ಟಿದ್ದ, ಕುದುರೆ ಕಾಣಲೆಂದು. ದುಂಡು ಅಕ್ಷರದಲ್ಲಿ ಬರೆದ ಚೀಟಿ ಅಂಟಿಸಿದ್ದ: 'ಇದು ಟಂಕಸಾಲೆಯ ತಪ್ಪಲ್ಲ. ವೈಸಿನಲ್ಲಿ ಅಮುಕಿದ್ದು. ನಾನು ಹದಿನಾರು ವರ್ಷ ನಿಜವೆಂದು ನಂಬಿದ್ದೆ. ಕಂಡುಹಿಡಿದವರು: ಚಂದ್ರಕ್ಕ, ಕಂಡಕ್ಟರ್.'

ರುದ್ರಪ್ಪ ಉತ್ಸಾಹದಿಂದ ವಿವರಿಸುತ್ತಿದ್ದ. ಜನ ಒಬ್ಬೊಬ್ಬರಾಗಿ ಗಾಜು ಇಸಿದುಕೊಂಡು, ಕುದುರೆ ಕಂಡಾಗ "ಐತೆ ಐತೆ!" ಎಂದು ಕೂಗುತ್ತಿದ್ದರು. ಅವಳನ್ನು ಕಂಡವನೇ ಅವನು ಮಾತು ಮರೆತ. ಗುಂಪನ್ನು ಬಿಟ್ಟು ಹೊರಗೆ ಜಗುಲಿಗೆ ಬಂದ.

"ದಾವಣಗೆರೆಯೋರು?" ಅವಳು ಏದುಸಿರಿನಲ್ಲೇ ಕೇಳಿದಳು.

"ಬಂದಿದ್ರು. ಚೀಟಿ ಓದಿದ್ರು. ಕೈ ಕುಲುಕಿ ಹೋದ್ರು. ಅಂಗಡಿ ಇಲ್ಲ ಮೇಡಂ. ನೆಲೆ ಇಲ್ಲ. ಇನ್ನೂ ಎಷ್ಟು ವರ್ಷ ಬೇಕೋ ಗೊತ್ತಿಲ್ಲ." ಅವನು ಉಸಿರು ಎಳೆದುಕೊಂಡ. "ಆದ್ರೂ ಆ ಮಾತು ಈಗ್ಲೇ ಕೇಳ್ಬಿಡ್ತೀನಿ. ನನ್ನ ಮದ್ವೆ ಆಗ್ತೀರಾ?"

ಬಾಗಿಲಲ್ಲಿ ಇಬ್ಬರು ಮುದುಕರು ನಿಂತು ಕೇಳಿಸಿಕೊಳ್ಳುತ್ತಿದ್ದರು. ಅವಳಿಗೆ ಅದರ ಪರಿವೆಯೇ ಇರಲಿಲ್ಲ. ಓಡಿ ಬಂದ ಉಸಿರು ಇನ್ನೂ ಇಳಿದಿರಲಿಲ್ಲ, ಈಗ ಇಳಿಯುವಂತೆಯೂ ಇರಲಿಲ್ಲ.

"ಮೊದ್ಲು ಮೇಡಂ ಅನ್ನೋದು ಬಿಡ್ರಿ," ಎಂದಳು. "ಮದ್ವೆ ಆಗೋಳ್ನ ಯಾರಾದ್ರೂ ಮೇಡಂ ಅಂತಾರಾ?"

ಅರ್ಥವಾಗಲು ಅವನಿಗೆ ಒಂದು ಕ್ಷಣ ಬೇಕಾಯಿತು. ಆಮೇಲೆ ಮುಖ ಪೂರ್ತಿ ಅರಳಿತು. ಅಷ್ಟು ಹತ್ತಿರದಿಂದ ಅವಳು ಆ ಮುಖವನ್ನು ಗಾಜಿಲ್ಲದೆ ನೋಡಿರಲೇ ಇಲ್ಲ.

"ಅಂಗಡಿ?" ಎಂದ, ಇನ್ನೂ ನಂಬಿಕೆ ಬಾರದವನಂತೆ.

"ನಿಮಗೆ ಕೆಲ್ಸ ಐತೆ, ನನಗೂ ಐತೆ. ಅಂಗಡಿ ಆದಾಗ ಆಗ್ಲಿ. ಬರೋ ಶುಕ್ರವಾರ ಜವನಗೊಂಡನಹಳ್ಳಿಗೆ ಬರ್ರಿ. ನಮ್ಮವ್ವನ ಹೆಸ್ರು ನಿಂಗಕ್ಕ, ಬಸ್ ಸ್ಟಾಪಿನಾಗೆ ಯಾರನ್ನ ಕೇಳಿದ್ರೂ ಮನೆ ತೋರಿಸ್ತಾರೆ. ಒಬ್ರೇ ಬರಬ್ಯಾಡ್ರಿ, ಮೇಷ್ಟ್ರನ್ನೂ ಕರ್ಕಂಡು ಬರ್ರಿ. ಹೆಣ್ಣು ಕೇಳಕ್ಕೆ ಹಿರಿಯರು ಬೇಕು."

"ಬರ್ತೀನಿ ಚಂದ್ರಾ," ಎಂದ ಅವನು.

ಹೆಸರಿನ ಹಿಂದೆ ಅಕ್ಕನೂ ಇಲ್ಲ, ಮೇಡಮ್ಮೂ ಇಲ್ಲ. ಬರೀ ಚಂದ್ರಾ. ಅವಳು ಮೆಟ್ಟಿಲು ಇಳಿದು, ರಸ್ತೆಗೆ ಬಂದು, ಸ್ಟ್ಯಾಂಡಿನವರೆಗೂ ಓಡಿದಳು. ತಡವಾಗಿತ್ತೆಂದು ಅಲ್ಲ. ಅಷ್ಟು ಸಂತೋಷ ಇಟ್ಟುಕೊಂಡು ಮೆಲ್ಲಗೆ ನಡೆಯುವುದು ಅವಳಿಂದ ಆಗುತ್ತಿರಲಿಲ್ಲ.